ಮಗು ನೋಡಲು ಬಂದವಳಲ್ಲ ನಾನು

ಹೋದ ವಾರ ನನಗೆ ಹದಿನಾಲ್ಕು ಪುಟದ ಒಂದು ಕರಡು ಬಂತು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ತಂದೆ-ತಾಯಂದಿರ ಸಣ್ಣ ಗುಂಪೊಂದರಲ್ಲಿ ನಾನಿದ್ದೇನೆ. ಆಸ್ಪತ್ರೆಯೊಂದು ತನ್ನ ಎನ್‌ಐಸಿಯುಗೆ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕಕ್ಕೆ, ಹೊಸ ನಿಯಮ ಬರೆಯುತ್ತಿದೆ. ಮುಂದೆ ಮತ್ತೆ ಯಾವುದಾದರೂ ರೋಗ ಎಲ್ಲೆಡೆ ಹಬ್ಬಿದರೆ ಆ ಬಾಗಿಲು ಯಾರಿಗೆ ತೆರೆದಿರಬೇಕು, ಯಾರಿಗೆ ಮುಚ್ಚಬೇಕು ಅನ್ನುವುದು ಅದರಲ್ಲಿದೆ. ಓದಿ, ಅನಿಸಿದ್ದನ್ನು ಬರೆದು ಕಳಿಸಿ ಎಂದು ಕೇಳಿದ್ದರು. ಹೀಗೆ ಕೇಳಿದ್ದಕ್ಕೇ ಅವರಿಗೆ ನಾನು ಋಣಿ.

ನಾಲ್ಕನೆಯ ಪುಟದವರೆಗೆ ಸಲೀಸಾಗಿ ಓದಿದೆ. ಅಲ್ಲಿ 'ಸಂದರ್ಶಕರು' ಎಂಬ ತಲೆಬರಹ ಇತ್ತು. ಕೆಳಗೆ ಸಾಲಾಗಿ ಬರೆದಿದ್ದರು: ನೆಂಟರು, ಸ್ನೇಹಿತರು, ಮಗುವಿನ ಅಣ್ಣ-ಅಕ್ಕಂದಿರು, ತಂದೆ, ತಾಯಿ. ತಾಯಿ ಕೊನೆಯಲ್ಲಿ. ಬರೆದವರು ಏನೂ ಯೋಚಿಸದೆ ಸುಮ್ನೆ ಸೇರಿಸಿರಬಹುದು. ಆದರೆ ನನಗೆ ಮುಂದೆ ಓದಲು ಆಗಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದೆ.

ನನ್ನ ಮಗಳು ಹುಟ್ಟಿದ್ದು 2020ರಲ್ಲಿ, ಬಸಿರಿನ 30 ವಾರಕ್ಕೆ. ತೂಕ 1 ಕೆ.ಜಿ. 280 ಗ್ರಾಂ. ಬೆಕ್ಕಿನ ಮರಿಯ ಹಾಗೆ ಒಂದು ಸಲ ಅತ್ತಳು. ನನ್ನ ಕೆನ್ನೆಯ ಹತ್ತಿರ ಒಂದು ಕ್ಷಣ ತಂದು ತೋರಿಸಿ ಒಳಗೆ ಒಯ್ದರು. ಮೊದಲ ಐದು ದಿನ ತಾಯಿಯನ್ನು ಮಾತ್ರ ಬಿಡುತ್ತಿದ್ದರು, ದಿನಕ್ಕೆ ಅರ್ಧ ಗಂಟೆ. ಬಾಗಿಲ ಬಳಿ ಉದ್ದನೆಯ ಒಂದು ಪುಸ್ತಕ ಇತ್ತು. ಹೆಸರು, ಬಂದ ಹೊತ್ತು, ಹೋದ ಹೊತ್ತು, ಯಾರನ್ನು ನೋಡಲು ಬಂದಿದ್ದೀರಿ. ಹೊಲಿಗೆ ಹಾಕಿದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಅದನ್ನು ತುಂಬುತ್ತಿದ್ದೆ. ಒಳಗೆ ಕೂರಲು ಕುರ್ಚಿ ಇರಲಿಲ್ಲ. ಅರ್ಧ ಗಂಟೆ ನಿಂತೇ ಇರುತ್ತಿದ್ದೆ. ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆಯ, ಅಂದರೆ ಇನ್‌ಕ್ಯುಬೇಟರಿನ, ದುಂಡನೆಯ ಕಿಂಡಿಯಲ್ಲಿ ಕೈ ತೂರಿಸಿ ಅವಳ ಅಂಗಾಲಿಗೆ ಬೆರಳು ತಾಗಿಸುತ್ತಿದ್ದೆ. ಅಂಗಾಲು ನನ್ನ ಹೆಬ್ಬೆರಳಿಗಿಂತ ಚಿಕ್ಕದಿತ್ತು.

ಆರನೆಯ ದಿನ ಅದೂ ನಿಂತಿತು. ವಾರ್ಡಿನ ಸಿಬ್ಬಂದಿಯೊಬ್ಬರಿಗೆ ಕೋವಿಡ್ ಬಂದಿತ್ತು. ಆಸ್ಪತ್ರೆಯವರು ಎಲ್ಲ ತಂದೆ-ತಾಯಂದಿರಿಗೂ ಬಾಗಿಲು ಹಾಕಿದರು. ಮತ್ತೆ ತೆರೆದದ್ದು 19 ದಿನ ಕಳೆದ ಮೇಲೆ. ಆ ಹೊತ್ತಿಗೆ ಅವಳು ಹುಟ್ಟಿ ಆಗಿದ್ದೇ 24 ದಿನ. ಅದರಲ್ಲಿ 19.

ಆ ಆಸ್ಪತ್ರೆಯನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನನ್ನ ಮಗಳನ್ನು ಉಳಿಸಿದ್ದು ಅದೇ ಆಸ್ಪತ್ರೆ. ಆಗ ಎಲ್ಲರೂ ಹೆದರಿದ್ದರು. ವೈರಸ್ ಹೊಸದು. ಮಾಸ್ಕಿಗೇ ತತ್ವಾರವಿದ್ದ ದಿನಗಳು. ಒಳಗಿದ್ದ ಮಕ್ಕಳೋ, ಉಸಿರಾಡುವುದನ್ನೇ ಇನ್ನೂ ಕಲಿಯುತ್ತಿದ್ದವು. ಅಮ್ಮನ ರಕ್ತದಲ್ಲಿರುವ ರೋಗ ತಡೆಯುವ ಶಕ್ತಿ ಮಗುವಿಗೆ ಜಾಸ್ತಿ ದಾಟುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. 30 ವಾರಕ್ಕೆ ಹುಟ್ಟಿದ ಮಗುವಿಗೆ ಅದರಲ್ಲಿ ಬಹುಪಾಲು ಸಿಕ್ಕಿರುವುದಿಲ್ಲ. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು. ಮೈಗೆ ಚುಚ್ಚಿದ ಒಂದೊಂದು ನಳಿಕೆಯೂ ರೋಗಾಣು ಒಳಗೆ ಹೋಗಲು ಒಂದೊಂದು ದಾರಿ. ದೊಡ್ಡವರಿಗೆ ಸಾಮಾನ್ಯವಾಗಿ ಬರೀ ನೆಗಡಿ ತರುವ ಆರ್‌ಎಸ್‌ವಿ ಎಂಬ ವೈರಸ್ ಇಂಥ ಮಗುವನ್ನು ವೆಂಟಿಲೇಟರಿಗೆ ತಳ್ಳಬಲ್ಲದು. ಹೀಗಿರುವಾಗ ಬಾಗಿಲು ಕಾಯುವವರಿಗೆ ಭಯ ಆಗದೆ ಇರುತ್ತಾ?

ಆದರೆ ಆ ಭಯಕ್ಕೆ ಎಂತಹ ಉತ್ತರ ಕಂಡುಕೊಂಡೆವು ಅನ್ನುವುದು ನನ್ನನ್ನು ಇಷ್ಟು ವರ್ಷ ಕಾಡಿದೆ. ಸೋಂಕು ಬಂದದ್ದು ಕೆಲಸಕ್ಕೆ ಬಂದವರೊಬ್ಬರಿಂದ. ಅವರ ತಪ್ಪೇನೂ ಇರಲಿಲ್ಲ. ಅವರೂ ಮನುಷ್ಯರೇ, ಅವರಿಗೂ ಮನೆ ಇದೆ. ಒಂದು ಎನ್‌ಐಸಿಯುನಲ್ಲಿ ದಿನಕ್ಕೆ ಎಷ್ಟು ಜನ ಓಡಾಡುತ್ತಾರೆ ನೋಡಿ. ಪಾಳಿಗೊಮ್ಮೆ ಬದಲಾಗುವ ದಾದಿಯರು, ಡಾಕ್ಟರುಗಳು, ಕಲಿಯಲು ಬಂದವರು, ಎಕ್ಸ್-ರೇ ತೆಗೆಯುವವರು, ರಕ್ತ ತೆಗೆಯುವವರು, ನೆಲ ಒರೆಸುವವರು, ಯಂತ್ರ ರಿಪೇರಿಯವರು. ಅವರೆಲ್ಲ ಮನೆಗೆ ಹೋಗಿ ಮರುದಿನ ಮತ್ತೆ ಬರುತ್ತಾರೆ. ಒಬ್ಬ ದಾದಿ ಒಂದು ಪಾಳಿಯಲ್ಲಿ ಮೂರು-ನಾಲ್ಕು ಮಕ್ಕಳನ್ನು ಮುಟ್ಟಬೇಕಾಗುತ್ತದೆ. ತಾಯಿ ಮುಟ್ಟುವುದು ಒಂದೇ ಮಗುವನ್ನು. ಆದರೂ ಬಾಗಿಲು ಹಾಕುವ ಮಾತು ಬಂದಾಗ ಮೊದಲು ಹೊರಗೆ ಹೋಗುವವಳು ಅವಳು. ಯಾಕೆಂದರೆ ಅವಳ ಹೆಸರು ಇರುವುದು ನೋಡಲು ಬಂದವರ ಪುಸ್ತಕದಲ್ಲಿ.

ರೋಗಾಣು ಯಾರ ಕೈಯಲ್ಲಿ ಓಡಾಡುತ್ತದೆ ಅನ್ನುವುದು ಹಳೆಯ ಪ್ರಶ್ನೆ. 1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್ ಇದನ್ನೇ ಕೇಳಿದರು. ಅಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಾರ್ಡಿಗಿಂತ ಡಾಕ್ಟರುಗಳ ವಾರ್ಡಿನಲ್ಲಿ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಡಾಕ್ಟರುಗಳು, ವಿದ್ಯಾರ್ಥಿಗಳು ಹೆಣ ಕೊಯ್ಯುವ ಕೋಣೆಯಿಂದ ನೇರ ಹೆರಿಗೆ ಕೋಣೆಗೆ ಬರುತ್ತಿದ್ದರು. ಸುಣ್ಣದ ಕ್ಲೋರಿನ್ ನೀರಲ್ಲಿ ಕೈ ತೊಳೆದು ಬನ್ನಿ ಎಂದು ಸೆಮ್ಮೆಲ್‌ವೈಸ್ ಕಡ್ಡಾಯ ಮಾಡಿದರು. ಸಾವು ಇಳಿಯಿತು. ಅವರು ಯಾರನ್ನೂ ಹೊರಗಿಡಲಿಲ್ಲ. ಒಳಗೆ ಬರುವ ಕೈಯನ್ನು ತೊಳೆಸಿದರು. ಅವರು ಮಾಡಿದ್ದು ಅಷ್ಟೇ. ಆದರೂ ಆ ಕಾಲದವರು ಅದನ್ನು ಒಪ್ಪಿಕೊಳ್ಳಲು ಒದ್ದಾಡಿದರು.

ಹಸುಗೂಸುಗಳ ವಾರ್ಡಿನ ಕತೆಯೂ ಹೀಗೇ ಇದೆ. ಸುಮಾರು 1900ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಪಿಯರ್ ಬುಡಿನ್ ಎಂಬ ಡಾಕ್ಟರ್, ಇಂಥ ಮಕ್ಕಳಿಗೆ ಅವರವರ ಅಮ್ಮಂದಿರೇ ಹಾಲೂಡಿಸಲಿ ಎನ್ನುತ್ತಿದ್ದರು. ಹಾಲೂಡಿಸದೆ ದೂರ ಉಳಿದ ತಾಯಿಗೆ ಮಗುವಿನ ನಂಟೇ ಸಡಿಲವಾಗುವುದನ್ನು ಅವರು ಕಣ್ಣಾರೆ ಕಂಡಿದ್ದರು. ಆಮೇಲೆ ಬಂದ ಕಾಲ ಬೇರೆ. ಮಕ್ಕಳ ವಾರ್ಡುಗಳಲ್ಲಿ ಭೇದಿ, ಗಂಟಲಮಾರಿ, ಕೆಮ್ಮು-ಜ್ವರ ಹಬ್ಬಿ ಸಾಲುಸಾಲು ಮಕ್ಕಳು ಸಾಯುತ್ತಿದ್ದರು. ಆಂಟಿಬಯಾಟಿಕ್ ಇಲ್ಲದ ದಿನಗಳು. ಆಸ್ಪತ್ರೆಗಳು ತಂದೆ-ತಾಯಂದಿರನ್ನು ಹೊರಗಿಟ್ಟವು. ಕಿಟಕಿಯ ಗಾಜಿನಾಚೆ ನಿಂತು ನೋಡಬೇಕು, ಮುಟ್ಟುವ ಹಾಗಿಲ್ಲ. ಒಂದು ಕಾಲದ ಭಯ ಮುಂದಿನ ಕಾಲದ ರೂಢಿ ಆಯಿತು. ಔಷಧಿ ಬಂದ ಮೇಲೂ ಆ ರೂಢಿ ಹೋಗಲಿಲ್ಲ.

ಅದನ್ನು ಮೊದಲು ಪರೀಕ್ಷಿಸಿ ನೋಡಿದವರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಒಂದು ತಂಡವೂ ಇತ್ತು. 1960ರ ದಶಕದಲ್ಲಿ ಅವರು ತಾಯಂದಿರನ್ನು ಒಳಗೆ ಬಿಟ್ಟರು. ಕೈ ತೊಳೆದು ಮಗುವನ್ನು ಮುಟ್ಟಲು ಹೇಳಿದರು. ಸೋಂಕು ಹೆಚ್ಚಾಗುತ್ತದಾ ಎಂದು ಲೆಕ್ಕ ಇಟ್ಟರು. ಹೆಚ್ಚಾಗಲಿಲ್ಲ. 1970ರಲ್ಲಿ ಅದನ್ನು ಪ್ರಕಟಿಸಿದರು. ಅಂದರೆ ನಾನು ಬಾಗಿಲ ಹೊರಗೆ ನಿಂತದ್ದಕ್ಕೆ ಬರೋಬ್ಬರಿ 50 ವರ್ಷ ಮೊದಲೇ ಈ ಪ್ರಶ್ನೆ ಕೇಳಿ, ಉತ್ತರ ಬರೆದಿಟ್ಟಿದ್ದರು.

ಆ 19 ದಿನ ನಾನು ಮಾಡಿದ ಕೆಲಸ ಒಂದೇ. ಹಾಲು ಹಿಂಡುವುದು. ಮೂರು ಗಂಟೆಗೊಮ್ಮೆ, ರಾತ್ರಿಯೂ. ಎದುರಿಗೆ ಮಗು ಇಲ್ಲದೆ ಪಂಪಿಗೆ ಹಾಲು ಕೊಡುವುದು ಹೇಗಿರುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಮೊದಲ ವಾರ ಎದೆ ಕಲ್ಲಿನ ಹಾಗೆ ಬಿಗಿದು ಜ್ವರ ಬಂತು. ಮೂರನೆಯ ವಾರ ಅದೇ ಎದೆ ಬತ್ತತೊಡಗಿತು. ಹಾಲು ಇಳಿಯಬೇಕಾದರೆ ಮಗುವಿನ ಮೈ ತಾಗಬೇಕು, ವಾಸನೆ ಬರಬೇಕು, ಅಳು ಕೇಳಬೇಕು. ತಾಯಿಯ ಮೈ ಹಾಗೆಯೇ ಇದೆ. ನನ್ನ ಗಂಡ ಐಸ್ ಡಬ್ಬಿಯಲ್ಲಿ ಸಣ್ಣ ಸಣ್ಣ ಬಾಟಲಿ ಇಟ್ಟುಕೊಂಡು, ಮೇಲೆ ನನ್ನ ಹೆಸರು, ತಾರೀಖು, ಗಂಟೆ ಬರೆದ ಚೀಟಿ ಅಂಟಿಸಿ, ಗೇಟಿನಲ್ಲಿ ಕೊಟ್ಟು ಬರುತ್ತಿದ್ದರು. ಒಂದು ದಿನ ಎರಡೂ ಹೊತ್ತು ಸೇರಿ ನಾಲ್ಕೇ ಬಾಟಲಿ ಇತ್ತು. 'ಇಷ್ಟೇನಾ?' ಎಂದು ಅವರು ಕೇಳಲಿಲ್ಲ. ಕೇಳಲಿಲ್ಲ ಅನ್ನುವುದೇ ನನಗೆ ಚುಚ್ಚಿತು.

ಹಾಲಿನ ವಿಷಯ ಇಲ್ಲಿ ಯಾಕೆ ಎತ್ತಿದೆ ಎಂದರೆ, ಸೋಂಕಿನ ಲೆಕ್ಕದಲ್ಲೇ ಅದು ಬರುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ಕರುಳಿಗೆ ಬರುವ ಒಂದು ಭಯಂಕರ ಕಾಯಿಲೆ ಇದೆ. ಕರುಳು ಊದಿ ಕೊಳೆಯುತ್ತದೆ. ತಾಯಿ ಹಾಲು ಕುಡಿದ ಮಕ್ಕಳಲ್ಲಿ ಅದು ಕಡಿಮೆ. ಜೊತೆಗೆ, ತಾಯಿ ವಾರ್ಡಿನ ಒಳಗೆ ಇದ್ದರೆ ಅಲ್ಲಿನ ರೋಗಾಣುಗಳ ಪರಿಚಯ ಅವಳ ಮೈಗೂ ಆಗುತ್ತದೆ. ಅವುಗಳ ವಿರುದ್ಧದ ಪ್ರತಿಕಾಯಗಳು ಅವಳ ಹಾಲಿಗೆ ಬರುತ್ತವೆ. ಅವಳನ್ನು ಹೊರಗಿಟ್ಟಾಗ ಮಗುವಿಗೆ ಬರಬೇಕಿದ್ದ ಕಾವಲೂ ಹೊರಗೇ ಉಳಿಯುತ್ತದೆ. ನಿಷೇಧ ಹಾಕುವಾಗ ಒಳಗೆ ಬರುವ ಅಪಾಯವನ್ನು ಎಣಿಸುತ್ತೇವೆ. ಹೊರಗೆ ಉಳಿದುಹೋದ ರಕ್ಷಣೆಯನ್ನು ಯಾರೂ ಎಣಿಸುವುದಿಲ್ಲ.

ಎಣಿಸಿದವರು ಇಲ್ಲವೇ ಇಲ್ಲ ಎಂದಲ್ಲ. ಇಲ್ಲಿ ಬೊಗೋಟಾದ ಕತೆ ಹೇಳಲೇಬೇಕು. ಕೊಲಂಬಿಯಾ ದೇಶದ ರಾಜಧಾನಿ ಅದು. 1978ರಲ್ಲಿ ಅಲ್ಲಿನ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್‌ಗಳು ಸಾಲುತ್ತಿರಲಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಎರಡು-ಮೂರು ಮಕ್ಕಳನ್ನು ಮಲಗಿಸುತ್ತಿದ್ದರು. ಒಂದರಿಂದ ಒಂದಕ್ಕೆ ಸೋಂಕು ದಾಟುತ್ತಿತ್ತು. ಎಡ್ಗರ್ ರೇ ಸನಾಬ್ರಿಯಾ ಎಂಬ ಡಾಕ್ಟರ್ ಮಕ್ಕಳನ್ನು ಅಮ್ಮಂದಿರ ಎದೆಗೆ, ಬರಿ ಮೈಗೆ ಬರಿ ಮೈ ತಾಗುವಂತೆ ಕಟ್ಟಿ ಕಳಿಸಿದರು. ಈಗ ನಾವು ಕಾಂಗರೂ ಆರೈಕೆ ಎನ್ನುವುದು ಅಲ್ಲಿಂದ ಶುರುವಾಯಿತು. ನನಗೆ ಇದು ತುಂಬ ಮುಖ್ಯ ಅನಿಸುತ್ತದೆ. ಕಾಂಗರೂ ಆರೈಕೆ ಎಂದರೆ ಪ್ರೀತಿ, ಬಾಂಧವ್ಯ ಎಂದಷ್ಟೇ ಮಾತಾಡುತ್ತೇವೆ ಅಲ್ವಾ? ಅದು ಹುಟ್ಟಿದ್ದರ ಹಿಂದೆ ಸೋಂಕಿನ ಭಯವೂ ಇತ್ತು. ಸೋಂಕಿನಿಂದ ಮಗುವನ್ನು ದೂರ ಇಡಲು ಅವರಿಗೆ ಸಿಕ್ಕ ಜಾಗ ಅಮ್ಮನ ಎದೆ.

ಮರುವರ್ಷ, 1979ರಲ್ಲಿ, ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ ದಾದಿಯರೇ ಸಾಕಾಗುತ್ತಿರಲಿಲ್ಲ. ಆಡಿಕ್ ಲೆವಿನ್ ಎಂಬ ಡಾಕ್ಟರ್ ತಾಯಂದಿರನ್ನು ಹಗಲಿರುಳು ವಾರ್ಡಿನಲ್ಲೇ ಉಳಿಸಿಕೊಂಡು, ಮಗುವಿನ ಹೆಚ್ಚಿನ ಕೆಲಸ ಅವರ ಕೈಗೇ ಕೊಟ್ಟರು. ಅದನ್ನು ನೋಡಿ ಕೆನಡಾದ ಟೊರಾಂಟೋದಲ್ಲಿ ತಂದೆ-ತಾಯಂದಿರಿಗೆ ತರಬೇತಿ ಕೊಟ್ಟು ತಂಡದಲ್ಲಿ ಸೇರಿಸಿಕೊಂಡರು. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನ 26 ಎನ್‌ಐಸಿಯುಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಮಕ್ಕಳ ತೂಕ ಚೆನ್ನಾಗಿ ಏರಿತ್ತು. ಮನೆಗೆ ಹೋಗುವ ಹೊತ್ತಿಗೆ ಎದೆಹಾಲು ಕುಡಿಯುವ ಮಕ್ಕಳು ಜಾಸ್ತಿ ಇದ್ದರು. ತಂದೆ-ತಾಯಂದಿರ ಆತಂಕ ಕಡಿಮೆ ಆಗಿತ್ತು.

ಇನ್ನೊಂದು ದೊಡ್ಡ ಪ್ರಯೋಗದ ಫಲಿತಾಂಶ ಸರಿಯಾಗಿ ಕೋವಿಡ್ ಕಾಲದಲ್ಲೇ, 2021ರಲ್ಲಿ, ಬಂತು. ಭಾರತ, ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ ನಡೆದದ್ದು. 1 ಕೆ.ಜಿ.ಯಿಂದ 1.8 ಕೆ.ಜಿ. ಒಳಗಿನ ಮಕ್ಕಳು. ಒಂದು ಗುಂಪಿನ ಮಕ್ಕಳನ್ನು ಮೊದಲು ಪೆಟ್ಟಿಗೆಯಲ್ಲಿಟ್ಟು, ಸುಧಾರಿಸಿದ ಮೇಲೆ ಅಮ್ಮನ ಎದೆಗೆ ಕೊಟ್ಟರು. ಇನ್ನೊಂದು ಗುಂಪಿನವರನ್ನು ಹುಟ್ಟಿದ ಕೂಡಲೇ ಎದೆಗೆ ಕೊಟ್ಟರು. ಅದಕ್ಕಾಗಿ ಅಮ್ಮನ ಮಂಚವನ್ನೇ ಎನ್‌ಐಸಿಯು ಒಳಗೆ ತಂದರು. ಮೊದಲ 28 ದಿನದಲ್ಲಿ ತೀರಿಕೊಂಡ ಮಕ್ಕಳು ಮೊದಲ ಗುಂಪಿನಲ್ಲಿ ನೂರಕ್ಕೆ 15.7, ಎರಡನೆಯದರಲ್ಲಿ 12. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತು ಎಂದರೆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿ ಎಲ್ಲ ಮಕ್ಕಳಿಗೂ ಇದನ್ನೇ ಮಾಡಿ ಎಂದರು. ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ. ಹಗಲಿರುಳು ತಾಯಂದಿರಿದ್ದ ಆ ವಾರ್ಡುಗಳಲ್ಲಿ ರಕ್ತದ ಸೋಂಕಿನ ಅನುಮಾನ ಬಂದ ಮಕ್ಕಳೂ ಕಡಿಮೆ. ಈ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

2021ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಅಂದಾಜು ಕೊಟ್ಟಿತು. ಕಾಂಗರೂ ಆರೈಕೆ ಎಲ್ಲರಿಗೂ ಸಿಕ್ಕರೆ 1,25,000ಕ್ಕೂ ಹೆಚ್ಚು ಕೂಸುಗಳು ಉಳಿಯಬಹುದು. ಹಾಗೆ ಹತ್ತಿರ ಇಟ್ಟಿದ್ದರಿಂದ ಕೋವಿಡ್ ತಗುಲಿ ಸಾಯಬಹುದಾದ ಕೂಸುಗಳು 2,000ಕ್ಕಿಂತ ಕಡಿಮೆ. ಎರಡೂ ಅಂದಾಜೇ. ಎರಡನೆಯದೂ ಸಣ್ಣದಲ್ಲ, ಅವೂ ಯಾರದೋ ಮನೆಯ ಮಕ್ಕಳು. ಆದರೆ ತಕ್ಕಡಿಯಲ್ಲಿಟ್ಟು ನೋಡಿದರೆ ಯಾವ ತಟ್ಟೆ ಕೆಳಗೆ ಹೋಗುತ್ತದೆ ಎಂದು ಗೊತ್ತಾಗುತ್ತದೆ.

ಇಷ್ಟಾದರೂ 2020ರಲ್ಲಿ ಬಂದ ಮೊದಲ ಸಲಹೆಗಳು ಬೇರೆ ಬೇರೆ ಇದ್ದವು. ಫೆಬ್ರವರಿಯಲ್ಲಿ ಚೀನಾದ ತಜ್ಞರು ಸೋಂಕಿತ ತಾಯಿಯಿಂದ ಮಗುವನ್ನು 14 ದಿನ ದೂರ ಇಡಿ ಎಂದರು. ಏಪ್ರಿಲ್‌ನಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಸ್ವಲ್ಪ ದಿನ ಬೇರೆ ಇಡುವುದು ಕ್ಷೇಮ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ, ಮಾಸ್ಕ್ ಹಾಕಿ, ಕೈ ತೊಳೆದು, ಒಟ್ಟಿಗೇ ಇರಲಿ, ಹಾಲೂಡಿಸಲಿ ಎಂದು ಹೇಳಿತು. ಜುಲೈ ಹೊತ್ತಿಗೆ ನ್ಯೂಯಾರ್ಕ್‌ನ ಲೆಕ್ಕ ಬಂತು. ಕೋವಿಡ್ ಇದ್ದ ತಾಯಂದಿರಿಗೆ ಹುಟ್ಟಿದ 120 ಮಕ್ಕಳು. ಮೊದಲ ದಿನದ ಪರೀಕ್ಷೆಯಲ್ಲಿ ಒಂದಕ್ಕೂ ಸೋಂಕಿಲ್ಲ. ವಾರದ ಹೊತ್ತಿಗೆ ಮತ್ತೆ ಪರೀಕ್ಷಿಸಿದ ಮಕ್ಕಳಲ್ಲೂ ಒಂದಕ್ಕೂ ಇಲ್ಲ. ಅವರಲ್ಲಿ ಹೆಚ್ಚಿನವರು ಅಮ್ಮನ ಕೋಣೆಯಲ್ಲೇ ಇದ್ದವರು. ಅದೇ ತಿಂಗಳು ಅಮೆರಿಕದ ಸಂಘ ತನ್ನ ಸಲಹೆ ಬದಲಿಸಿತು. ಗೊತ್ತಿಲ್ಲದಾಗ ಒಂದು ಹೇಳಿ, ಗೊತ್ತಾದ ಮೇಲೆ ತಿದ್ದಿಕೊಂಡರು. ಅದಕ್ಕೆ ಅವರನ್ನು ಮೆಚ್ಚುತ್ತೇನೆ. ಆದರೆ ಎಷ್ಟೋ ವಾರ್ಡುಗಳ ಬಾಗಿಲಿಗೆ ಅಂಟಿಸಿದ ಚೀಟಿಗಳು ಹಾಗೇ ಉಳಿದವು. ಸಲಹೆ ತಿದ್ದುವುದು ಒಂದು ಕೆಲಸ, ಚೀಟಿ ಕಿತ್ತು ಹಾಕುವುದು ಇನ್ನೊಂದು ಕೆಲಸ.

ನನ್ನ 19 ದಿನಗಳಲ್ಲಿ ಒಬ್ಬರು ನನ್ನ ಕೈ ಹಿಡಿದರು. ರಾತ್ರಿ ಪಾಳಿಯ ಸಿಸ್ಟರ್. ಕೆಲಸ ಸ್ವಲ್ಪ ತಗ್ಗಿದಾಗ ಅವರೇ ವಿಡಿಯೋ ಕಾಲ್ ಮಾಡುತ್ತಿದ್ದರು. ಒಮ್ಮೊಮ್ಮೆ ರಾತ್ರಿ ಎರಡು ಗಂಟೆಗೆ. 'ಎದ್ದಿದ್ದೀರಾ ಅಮ್ಮಾ? ನೋಡಿ, ಕಣ್ಣು ಬಿಟ್ಟಿದ್ದಾಳೆ' ಎನ್ನುತ್ತಿದ್ದರು. ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದು, 'ಮಾತಾಡಿ, ಅವಳಿಗೆ ನಿಮ್ಮ ದನಿ ಗೊತ್ತು' ಎನ್ನುತ್ತಿದ್ದರು. ಅದು ನಿಜ. ಹೊಟ್ಟೆಯಲ್ಲಿರುವಾಗಲೇ, 25 ವಾರದ ಆಸುಪಾಸಿನಿಂದ ಮಗು ಕೇಳಿಸಿಕೊಳ್ಳತೊಡಗುತ್ತದೆ. ನನಗೆ ಮಾತು ಹೊರಡುತ್ತಿರಲಿಲ್ಲ. ಅವಳ ಹೆಸರು ಕೂಡ ಇಟ್ಟಿರಲಿಲ್ಲ, ಏನೆಂದು ಕರೆಯಲಿ? 'ಚಿನ್ನು, ಚಿನ್ನು' ಎನ್ನುತ್ತಿದ್ದೆ. ಕಾಲ್ ಮುಗಿದ ಕೂಡಲೇ ಹಾಲು ಹಿಂಡಿ ಎಂದು ಹೇಳಿಕೊಟ್ಟವರೂ ಅವರೇ. ಅವಳಿಗೆ ಹೊದಿಸಿದ್ದ ಒಂದು ಸಣ್ಣ ಬಟ್ಟೆಯನ್ನು ಚೀಲದಲ್ಲಿ ಹಾಕಿ ಗೇಟಿಗೆ ಕಳಿಸಿದ್ದರು, ಮೂಸಿ ನೋಡಲು. ಹಾಲು ಮತ್ತೆ ಇಳಿಯಿತು. ಆ ಬಟ್ಟೆಯನ್ನು ನಾನು ಇವತ್ತಿಗೂ ಒಗೆದಿಲ್ಲ.

ಒಂದು ರಾತ್ರಿ ಅವರು ತಮ್ಮ ಮಗನ ವಿಷಯ ಹೇಳಿದರು. ಎರಡು ವರ್ಷದವನು. ಡ್ಯೂಟಿ ಮುಗಿಸಿ ಹಾಸ್ಟೆಲಿನಲ್ಲೇ ಉಳಿಯುತ್ತಿದ್ದರಂತೆ. ಮಗನನ್ನು ಎತ್ತಿಕೊಂಡು ಐದು ವಾರ ಆಗಿತ್ತು. ಅವರೂ ಅವನನ್ನು ಫೋನಿನಲ್ಲೇ ನೋಡುತ್ತಿದ್ದರು. ನನ್ನ ಮಗಳಿಗೆ ಅವರ ಕೈ, ಅವರ ಮಗನಿಗೆ ಅವನ ಅಜ್ಜಿಯ ಕೈ. ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಇದ್ದೆವು. ಯಂತ್ರದ ಬೀಪ್ ಬೀಪ್ ಮಾತ್ರ ಕೇಳುತ್ತಿತ್ತು. ಆಸ್ಪತ್ರೆಯ ಮೇಲೆ ನನಗೆ ಸಿಟ್ಟು ಬಂದಾಗಲೆಲ್ಲ ಆ ರಾತ್ರಿ ನೆನಪಾಗುತ್ತದೆ.

ಆದರೂ ಒಂದು ಮಾತು ಹೇಳಬೇಕು. ವಿಡಿಯೋ ಕಾಲ್ ಇದೆಯಲ್ಲ ಎಂದು ಬಾಗಿಲು ಹಾಕುವುದು ಸರಿಯಲ್ಲ. ಫೋನಿನಲ್ಲಿ ಮಗುವಿನ ಬಿಸಿ ಗೊತ್ತಾಗುವುದಿಲ್ಲ. ಮಗುವಿಗಂತೂ ಏನೂ ಸಿಗುವುದಿಲ್ಲ, ಗಾಜಿನಾಚೆಯ ಒಂದು ದನಿ ಬಿಟ್ಟರೆ. ಅದು ಇರಲಿ, ಜೊತೆಗಿರಲಿ.

ನನ್ನ ಗಂಡನ ಸರದಿ ಬಂದದ್ದು ಇನ್ನೂ ತಡವಾಗಿ. ಬಾಗಿಲು ತೆರೆದ ಮೇಲೂ ಒಬ್ಬರಿಗೆ ಮಾತ್ರ ಎಂದರು. ಹಾಲಿನ ಕಾರಣಕ್ಕೆ ನಾನೇ ಹೋಗುತ್ತಿದ್ದೆ. ಅವರು ಮೊದಲ ಸಲ ಒಳಗೆ ಹೋದದ್ದು 31ನೆಯ ದಿನ. ಆರು ಪೆಟ್ಟಿಗೆಗಳ ನಡುವೆ ನಿಂತು, ಬಾಗಿಲ ಕಡೆ ತಿರುಗಿ, ತಗ್ಗಿದ ದನಿಯಲ್ಲಿ 'ಸಿಸ್ಟರ್, ನಮ್ಮದು ಯಾವುದು?' ಎಂದು ಕೇಳಿದರಂತೆ. ಇದನ್ನು ಅವರು ನನಗೆ ಹೇಳಿದ್ದು ಎರಡು ವರ್ಷ ಆದ ಮೇಲೆ. ಅಪ್ಪಂದಿರ ಬಗ್ಗೆ ಬರೆದದ್ದು, ಮಾತಾಡಿದ್ದು ತುಂಬ ಕಡಿಮೆ. ತಾಯಿಗಾದರೆ ಹಾಲಿನ ನೆಪ ಇರುತ್ತದೆ. ಅಪ್ಪ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ತೋರಿಸಲು ಅವರ ಕೈಯಲ್ಲಿ ಬಾಟಲಿ ಇರುವುದಿಲ್ಲ. ಆದರೆ ಅಪ್ಪನ ಎದೆಯೂ ಬೆಚ್ಚಗೇ ಇರುತ್ತದೆ. ಅವಳಿ ಮಕ್ಕಳಾದರೆ ಒಬ್ಬೊಬ್ಬರಿಗೆ ಒಂದೊಂದು ಎದೆ ಬೇಕು. ತಾಯಿಗೇ ಹುಷಾರಿಲ್ಲದಿದ್ದರೆ ಅವರೇ ದಿಕ್ಕು.

ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಒಬ್ಬ ತಾಯಿ ಇದ್ದರು. ಅವರ ಮಗು ಉಳಿಯಲಿಲ್ಲ. ಕೊನೆಯ ಹತ್ತು ನಿಮಿಷಕ್ಕೆ ಅವರನ್ನು ಒಳಗೆ ಬಿಟ್ಟರು. ಹೊರಗೆ ಬಂದವರು, 'ಬಿಸಿ ಇತ್ತು, ಇನ್ನೂ ಬಿಸಿ ಇತ್ತು' ಎಂದಷ್ಟೇ ಹೇಳುತ್ತಿದ್ದರು. ಅವರ ಕತೆಯನ್ನು ಜಾಸ್ತಿ ಹೇಳಲು ನನಗೆ ಹಕ್ಕಿಲ್ಲ. ಆದರೆ ಮಗು ಸಾಯುತ್ತಿದೆ ಎಂದು ಗೊತ್ತಾದ ಮೇಲೆ ಬಾಗಿಲು ತೆರೆಯುವ ನಿಯಮವನ್ನು 'ವಿನಾಯಿತಿ' ಎಂದು ಬರೆದಿರುವುದನ್ನು ಈ ಕರಡಿನಲ್ಲೂ ನೋಡಿದೆ. ಆ ಪದದ ಕೆಳಗೆ ಗೆರೆ ಎಳೆದಿದ್ದೇನೆ. ಅದು ವಿನಾಯಿತಿ ಆಗುವ ವಿಷಯವಾ?

ಎಲ್ಲ ಕಾಯಿಲೆಗೂ ಒಂದೇ ಮಾತು ನಡೆಯುವುದಿಲ್ಲ, ಅದೂ ನನಗೆ ಗೊತ್ತು. ಎಬೋಲಾ ಇರುವ ತಾಯಿಯಿಂದ ಮಗುವನ್ನು ಬೇರೆ ಮಾಡಲೇಬೇಕು, ಹಾಲನ್ನೂ ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹೆರಿಗೆಯ ಆಸುಪಾಸಿನಲ್ಲಿ ತಾಯಿಗೆ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್, ಎದ್ದರೆ ಕೂಸಿಗೆ ನಿಜವಾಗಲೂ ಅಪಾಯ. ತುಟಿಯ ಮೇಲೆ ಹರ್ಪಿಸ್ ಗುಳ್ಳೆ ಎದ್ದವರು ಮಗುವಿಗೆ ಮುತ್ತು ಕೊಟ್ಟರೆ ಅದರ ಜೀವಕ್ಕೇ ಕುತ್ತು ಬರಬಹುದು. ಜ್ವರ-ಕೆಮ್ಮು ಇರುವ ಅಪ್ಪ ಆ ದಿನ ಮನೆಯಲ್ಲೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳುತ್ತಿರುವುದು ಇಷ್ಟೇ. ಯಾರಿಗೆ ಕಾಯಿಲೆ ಇದೆಯೋ ಅವರನ್ನು ತಡೆಯಿರಿ, ಎಷ್ಟು ದಿನ ಎಂದು ಹೇಳಿ ತಡೆಯಿರಿ. ಅವರ ಬದಲು ಬರುವವರ ಹೆಸರನ್ನು ಮೊದಲೇ ಬರೆಸಿಕೊಳ್ಳಿ, ಅಜ್ಜಿಯೋ ಚಿಕ್ಕಮ್ಮನೋ. ಸಿಬ್ಬಂದಿಗೆ ಹಾಗೆಯೇ ಮಾಡುತ್ತೀರಲ್ಲ? ಒಬ್ಬ ದಾದಿಗೆ ಜ್ವರ ಬಂದರೆ ಎಲ್ಲ ದಾದಿಯರನ್ನೂ ಮನೆಗೆ ಕಳಿಸುವುದಿಲ್ಲ. ಅವರಿಲ್ಲದೆ ವಾರ್ಡು ನಡೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ತಾಯಿ ಇಲ್ಲದೆಯೂ ನಡೆಯುವುದಿಲ್ಲ ಎಂದು ಒಪ್ಪಿಕೊಂಡರೆ ದಾರಿ ತಾನಾಗಿ ಕಾಣುತ್ತದೆ.

2022ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಹೆಚ್ಚುಕಡಿಮೆ ಬರೆದೇ ಕೊಟ್ಟಿದೆ. ಅವಧಿಗೆ ಮುಂಚೆ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ಕಾಂಗರೂ ಆರೈಕೆ ಹುಟ್ಟಿದ ಕೂಡಲೇ ಶುರುವಾಗಲಿ, ಮನೆಯವರು ದಿನದ ಆರೈಕೆಯಲ್ಲಿ ಪಾಲ್ಗೊಳ್ಳಲಿ ಎಂದು.

25ನೆಯ ದಿನ ನಾನು ಒಳಗೆ ಹೋದಾಗ ಕೈ ತೊಳೆದೆ. ಬಳೆ, ಉಂಗುರ ತೆಗೆದು, ಮೊಣಕೈವರೆಗೆ, ಬೆರಳ ಸಂದಿಯಲ್ಲಿ, ಉಗುರ ಕೆಳಗೆ. ಸಿಸ್ಟರ್ ಹೇಳಿಕೊಟ್ಟದ್ದಕ್ಕಿಂತ ಎರಡು ಪಟ್ಟು ಹೊತ್ತು. ಆ ಇಡೀ ಕಟ್ಟಡದಲ್ಲಿ ಅಷ್ಟು ಜೋಪಾನವಾಗಿ ಕೈ ತೊಳೆದವರು ಇನ್ನೊಬ್ಬರಿರಲಿಕ್ಕಿಲ್ಲ. ತಪ್ಪಿದರೆ ಯಾರ ಮಗು ಎಂದು ನನಗೆ ಗೊತ್ತಿತ್ತಲ್ಲ. ಒಂದು ಕುರ್ಚಿ ಎಲ್ಲಿಂದಲೋ ಎಳೆದು ತಂದರು. ಅವಳನ್ನು ತಂತಿ, ನಳಿಕೆಗಳ ಸಮೇತ ನನ್ನ ಎದೆಯ ಮೇಲೆ ಮಲಗಿಸಿದರು. ಪರದೆಯ ಮೇಲೆ ಆಕ್ಸಿಜನ್ ಅಂಕಿ 91 ಇದ್ದದ್ದು 93 ಆಯಿತು, ಆಮೇಲೆ 96. ಅಲ್ಲೇ ನಿಂತಿತು. 'ನೋಡಿದಿರಾ?' ಎಂದರು ಸಿಸ್ಟರ್. ನಾನು ಅಂಕಿ ನೋಡುವುದನ್ನು ಬಿಟ್ಟು ಅವಳ ನೆತ್ತಿ ನೋಡುತ್ತಿದ್ದೆ.

ಕರಡನ್ನು ಇವತ್ತು ಮುಗಿಸಿದೆ. ನಾಲ್ಕನೆಯ ಪುಟದಿಂದ 'ತಂದೆ, ತಾಯಿ' ಎಂಬ ಎರಡು ಪದ ಕತ್ತರಿಸಿ ಎರಡನೆಯ ಪುಟಕ್ಕೆ ಒಯ್ದೆ. ಅಲ್ಲಿ 'ಆರೈಕೆ ತಂಡ' ಎಂಬ ಪಟ್ಟಿ ಇದೆ. ಡಾಕ್ಟರ್, ದಾದಿ, ಆಯಾ. ಅದರ ಮೇಲಿನ ಸಾಲಿನಲ್ಲಿ ಸೇರಿಸಿದೆ. ತಂಡದವರಿಗೆ ಇರುವ ನಿಯಮವೇ ಅವರಿಗೂ ಇರಲಿ ಎಂದು ಬರೆದೆ. ದಿನಾ ಜ್ವರ ನೋಡುವುದು, ಮಾಸ್ಕ್, ಲಸಿಕೆ, ಕೈ ತೊಳೆಯುವುದು, ಹುಷಾರಿಲ್ಲದಿದ್ದರೆ ಬರದಿರುವುದು. ಏನಾದರೂ ತಡೆ ಹಾಕುವುದಾದರೆ ಅದು ಮುಗಿಯುವ ತಾರೀಖನ್ನೂ ಅದೇ ಚೀಟಿಯಲ್ಲಿ ಬರೆಯಿರಿ ಎಂದೆ. ಅಪ್ಪ ಎಂದು ಬೇರೆ ಸಾಲೇ ಬರೆದೆ, ಮರೆತುಹೋಗದಿರಲಿ ಎಂದು.

ಕೊನೆಯಲ್ಲಿ ಒಂದು ಖಾಲಿ ಜಾಗ ಇತ್ತು. 'ತಂದೆ-ತಾಯಿ ಒಳಗಿರಬಹುದಾದ ಸಮಯ'. ಅದರಲ್ಲಿ 24 ಗಂಟೆ ಎಂದು ತುಂಬಿದೆ. ಆಮೇಲೆ ಹೊಳೆಯಿತು, ಕುರ್ಚಿಗಳ ವಿಷಯ ಇಡೀ ಕರಡಿನಲ್ಲಿ ಎಲ್ಲೂ ಇಲ್ಲ. ಒಂದೊಂದು ಪೆಟ್ಟಿಗೆಯ ಪಕ್ಕ ಒರಗಿ ಕೂರುವಂಥ ಒಂದು ಕುರ್ಚಿ ಹಿಡಿಸುತ್ತದಾ, ಇಲ್ಲವಾ? ನಾಳೆ ಬೆಳಗ್ಗೆ ಅವರಿಗೆ ಫೋನ್ ಮಾಡಿ ಕೇಳಬೇಕು.